ಮಾಜಾಳಿ ಗೇಟಿನ ಆಚೆ ಕರೆಂಟ್ ಯಾಕೆ ಅಗ್ಗ?

ಅಕ್ಕನನ್ನು ಕೊಟ್ಟದ್ದು ಗೋವಾದ ಕಾಣಕೋಣಕ್ಕೆ. ಕಾರವಾರದ ಪಕ್ಕದ ಸದಾಶಿವಗಡದ ನಮ್ಮ ಮನೆಯಿಂದ ಹೊರಟರೆ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟಿ, ಪೋಳೆಂ ದಾಟಿ, ಒಂದು ತಾಸಿನೊಳಗೆ ಅವರ ಅಂಗಳ. ಬೇಸಿಗೆ ರಜೆಗೆ ಮಕ್ಕಳನ್ನು ಬಿಡಲು ಹೋದಾಗ ಭಾವ ಕಪಾಟಿನ ಮೇಲಿಂದ ಕರೆಂಟ್ ಬಿಲ್ ತೆಗೆದು ತೋರಿಸಿದರು. ಇನ್ನೂರರ ಮೇಲೆ ಮೂರೋ ನಾಲ್ಕೋ ಯೂನಿಟ್. ನಮ್ಮ ಮನೆಯಲ್ಲೂ ಆ ತಿಂಗಳು ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಆದರೆ ದುಡ್ಡು ನೋಡಿದರೆ ಅವರದು ನಮ್ಮದರ ಅರ್ಧಕ್ಕಿಂತಲೂ ಕಡಿಮೆ.

"ನಿಮ್ಮ ಜಿಲ್ಲೆಯಲ್ಲೇ ಇಷ್ಟೊಂದು ಡ್ಯಾಂ, ಅದರ ಮೇಲೆ ಕೈಗಾ ಬೇರೆ. ನಮ್ಮಲ್ಲಿ ಹೇಳಿಕೊಳ್ಳುವಂಥ ಒಂದು ಪವರ್‌ಹೌಸೂ ಇಲ್ಲ. ಮತ್ತೆ ನಿಮಗೇ ಯಾಕೆ ಜಾಸ್ತಿ?" ಅಂದರು ಭಾವ.

ಉತ್ತರ ಕನ್ನಡದವರಿಗೆ ಇದು ಸ್ವಲ್ಪ ಚುಚ್ಚುವ ಪ್ರಶ್ನೆ. ಕಾಳಿ ನದಿಯ ಮೇಲೇ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಅಂತ ನಾಲ್ಕು ಪವರ್‌ಹೌಸ್ ಇವೆ. ನಾಗಝರಿ ಒಂದೇ 900 ಮೆಗಾವ್ಯಾಟ್ ಹತ್ತಿರ. ಶರಾವತಿ ಸಮುದ್ರ ಸೇರುವ ಮೊದಲು ಗೇರುಸೊಪ್ಪೆಯಲ್ಲಿ ಇನ್ನೊಂದು 240. ಕೈಗಾ ಅಣುಸ್ಥಾವರದ ನಾಲ್ಕು ಘಟಕ ಸೇರಿ 880. ಎಲ್ಲ ಕೂಡಿಸಿದರೆ 2,300 ಮೆಗಾವ್ಯಾಟ್ ದಾಟುತ್ತದೆ. ಕೈಗಾದ ಒಂದನೇ ಘಟಕ 2018ರ ಕೊನೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಜಗತ್ತಿನ ದಾಖಲೆ ಮಾಡಿದಾಗ ಇಲ್ಲಿ ಎಲ್ಲರೂ ಹೆಮ್ಮೆಪಟ್ಟಿದ್ದೆವು. ಹೀಗಿರುವಾಗ ಕರೆಂಟ್ ಹುಟ್ಟುವ ಕಡೆ ಬೆಲೆ ಜಾಸ್ತಿ, ಕೊಂಡು ತರುವ ಕಡೆ ಕಡಿಮೆ ಅಂದರೆ ಎಲ್ಲೋ ಮೋಸ ಇದೆ ಅಂತಲೇ ಅನಿಸುತ್ತದೆ.

ಆವತ್ತಿನಿಂದ ನಾನು ಇದರ ಹಿಂದೆ ಬಿದ್ದೆ. ಗೋವಾದಿಂದ ಶುರುವಾದದ್ದು ಭೂತಾನ್, ನೇಪಾಳ, ಶ್ರೀಲಂಕಾ, ನಾರ್ವೆಯವರೆಗೆ ಹೋಯಿತು. ಯಾಕೆಂದರೆ ಅಕ್ಕಪಕ್ಕದ ದೇಶಗಳ ನಡುವೆಯೂ ಇದೇ ಪ್ರಶ್ನೆ ಇದೆ, ಉತ್ತರಗಳೂ ಹೆಚ್ಚುಕಡಿಮೆ ಇವೇ. ಪೋಳೆಂ ಗಡಿಯೂ 1961ರ ಡಿಸೆಂಬರ್‌ವರೆಗೆ ದೇಶ-ದೇಶದ ಗಡಿಯೇ ಆಗಿತ್ತಲ್ವಾ, ಆಚೆ ಪೋರ್ಚುಗೀಸರು, ಈಚೆ ನಾವು.

ನನಗೆ ತಿಳಿದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಲ್ಲಿನಲ್ಲಿ ಇರುವುದು ಕರೆಂಟಿನ ಪೂರ್ತಿ ಬೆಲೆ ಅಲ್ಲ. ಯಾವ ದೇಶದಲ್ಲೂ ಅಲ್ಲ. ಒಂದು ಪಾಲನ್ನು ಮನೆಯವರು ಬಿಲ್ಲಿನಲ್ಲಿ ಕೊಡುತ್ತಾರೆ. ಉಳಿದದ್ದನ್ನು ಸರ್ಕಾರದ ಬಜೆಟ್ಟೋ, ಕಾರ್ಖಾನೆಗಳೋ, ಮುಂದಿನ ತಲೆಮಾರಿನ ಸಾಲವೋ, ಇಲ್ಲ ನೆಲ ಕಳೆದುಕೊಂಡವರೋ ಕೊಡುತ್ತಾರೆ. ಎರಡು ಊರಿನ ಬಿಲ್ ಪಕ್ಕಪಕ್ಕ ಇಟ್ಟರೆ ಮೊದಲನೆಯದು ಮಾತ್ರ ಕಾಣುತ್ತದೆ.

ಮೊದಲು ಗೋವಾವನ್ನೇ ನೋಡೋಣ. ಅಲ್ಲಿ ಕರೆಂಟ್ ಕೊಡುವುದು ಸರ್ಕಾರದ ಒಂದು ಇಲಾಖೆ, ನಮ್ಮ ಹೆಸ್ಕಾಂ ತರಹದ ಕಂಪನಿ ಅಲ್ಲ. ಸ್ವಂತದ್ದು ಅಂತ ದೊಡ್ಡ ಕೇಂದ್ರ ಇಲ್ಲ, ನಿಜ. ಆದರೆ ಕೇಂದ್ರ ಸರ್ಕಾರದ ಎನ್‌ಟಿಪಿಸಿ ಸ್ಥಾವರಗಳಲ್ಲಿ ಪಾಲು ಇದೆ. ಛತ್ತೀಸ್‌ಗಢದ ಕೋರ್ಬಾ, ಮಧ್ಯಪ್ರದೇಶದ ವಿಂಧ್ಯಾಚಲ, ಇವೆಲ್ಲ ಕಲ್ಲಿದ್ದಲು ಗಣಿಯ ಬಾಯಲ್ಲೇ ಕಟ್ಟಿದ ಹಳೆಯ ಸ್ಥಾವರಗಳು. ಕಲ್ಲಿದ್ದಲು ಸಾಗಿಸುವ ಖರ್ಚು ಕಡಿಮೆ, ಕಟ್ಟುವಾಗ ಮಾಡಿದ ಸಾಲವೂ ಬಹುಪಾಲು ತೀರಿದೆ. ಅಂಥ ಕರೆಂಟ್ ಅಗ್ಗ. ಇನ್ನು ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ರಾಯಚೂರು, ಬಳ್ಳಾರಿಗೆ ಬೇರೆ ರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಉಡುಪಿ ಜಿಲ್ಲೆಯ ಎಲ್ಲೂರು ಸ್ಥಾವರಕ್ಕಂತೂ ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ.

ಎರಡನೆಯದು ಪಂಪ್‌ಸೆಟ್. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಬಯಲುಸೀಮೆಯಲ್ಲಿ ಲಕ್ಷಗಟ್ಟಲೆ ಬೋರ್‌ವೆಲ್ ಓಡುವುದು ಇದರ ಮೇಲೆ. ಆ ಖರ್ಚನ್ನು ಸರ್ಕಾರ ಸಬ್ಸಿಡಿಯಾಗಿ ಕೊಡುತ್ತದೆ, ಸ್ವಲ್ಪ ಪಾಲು ಬೇರೆ ಗ್ರಾಹಕರ ದರದೊಳಗೆ ಸೇರಿಕೊಳ್ಳುತ್ತದೆ. ಗೋವಾದಲ್ಲಿ ಅಂಥ ಹೊರೆ ಇಲ್ಲವೇ ಇಲ್ಲ ಅನ್ನಬಹುದು. ಬೇಸಾಯ ಕಡಿಮೆ, ಕಾರ್ಖಾನೆ ಜಾಸ್ತಿ. ಕಾರ್ಖಾನೆ ಕೊಡುವ ದುಡ್ಡು ಮನೆಗಳ ದರವನ್ನು ತಗ್ಗಿಸುತ್ತದೆ. ಅದರ ಮೇಲೂ ಇಲಾಖೆಗೆ ಕೊರತೆ ಬಿದ್ದರೆ ರಾಜ್ಯದ ಬಜೆಟ್ ತುಂಬಿಕೊಡುತ್ತದೆ. ಮೊದಲ 100 ಯೂನಿಟ್‌ಗೆ 2 ರೂಪಾಯಿ ಆಸುಪಾಸಿನ ದರ ಸಾಧ್ಯ ಆಗುವುದು ಹೀಗೆ.

ಈಗ ನಮ್ಮ ಕಡೆ. 2025-26ರಲ್ಲಿ ಮನೆಗಳಿಗೆ ಎಲ್ಲ ಯೂನಿಟ್‌ಗೂ ಒಂದೇ ದರ, 5 ರೂಪಾಯಿ 80 ಪೈಸೆ. ಮೊದಲಿನ ಸ್ಲ್ಯಾಬ್ ಪದ್ಧತಿ ಹಿಂದಿನ ವರ್ಷವೇ ಹೋಗಿತ್ತು. ಮಂಜೂರಾದ ಲೋಡ್‌ಗೆ ತಕ್ಕಂತೆ ನಿಗದಿತ ಶುಲ್ಕ ಬೇರೆ. 2025ರ ಏಪ್ರಿಲ್‌ನಿಂದ ಕಂಪನಿ ನೌಕರರ ಪಿಂಚಣಿ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿತು. ಇದರ ಜೊತೆ ತೆರಿಗೆ. ಆದರೆ 2023ರ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಒಳಗಿರುವ ಬಹಳಷ್ಟು ಮನೆಗಳಿಗೆ ಬಿಲ್ ಸೊನ್ನೆ. 200 ದಾಟಿದರೆ ಮಾತ್ರ ಅಷ್ಟೂ ಯೂನಿಟ್‌ಗೆ ಕಟ್ಟಬೇಕು. ಕಾರವಾರದ ಮೇ ತಿಂಗಳ ಸೆಕೆಯಲ್ಲಿ, ಗಾಳಿಯೇ ಬೆವರಿದಂತೆ ಇರುವಾಗ, ರಾತ್ರಿ ಏಸಿ ಹಾಕಿದ ನಮ್ಮ ಮನೆ ಆ ಗೆರೆ ದಾಟಿತು. ಭಾವನ ಬಿಲ್ಲಿನ ಎದುರು ನಮ್ಮದು ಅಷ್ಟು ದೊಡ್ಡದಾಗಿ ಕಂಡದ್ದು ಅದಕ್ಕೇ. ಜನವರಿಯ ಬಿಲ್ ಇಟ್ಟು ನೋಡಿದ್ದರೆ ಭಾವ ಕಟ್ಟುತ್ತಿದ್ದರು, ನಾವು ಏನೂ ಕಟ್ಟುತ್ತಿರಲಿಲ್ಲ. ಹಾಗಾದರೆ ಕರ್ನಾಟಕದಲ್ಲಿ ಕರೆಂಟ್ ಅಗ್ಗ ಆಯಿತೇ? ಇಲ್ಲ. ಆ ತಿಂಗಳು ದುಡ್ಡು ಬಜೆಟ್ಟಿನಿಂದ ಹೋಯಿತು ಅಷ್ಟೆ, ಅದು ನಮ್ಮದೇ ತೆರಿಗೆ.

ಇನ್ನು ಕದ್ರಾ ಡ್ಯಾಮಿನ ಪಕ್ಕದ ಮನೆಗೂ ಬೆಂಗಳೂರಿನ ಮನೆಗೂ ಯಾಕೆ ಒಂದೇ ದರ? ನದಿಯ ಕರೆಂಟ್ ನೇರವಾಗಿ ಪಕ್ಕದ ಮನೆಗೆ ಬರುವುದಿಲ್ಲ. ಎಲ್ಲವೂ ಗ್ರಿಡ್ ಎಂಬ ಒಂದೇ ಕೆರೆಗೆ ಹರಿಯುತ್ತದೆ, ಎಲ್ಲರೂ ಅದರಿಂದಲೇ ಮೊಗೆಯುತ್ತಾರೆ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ದರ ನಿಗದಿ ಮಾಡುವಾಗ ಅಗ್ಗದ್ದು, ತುಟ್ಟಿಯದ್ದು ಎಲ್ಲ ಸೇರಿಸಿ ಸರಾಸರಿ ತೆಗೆಯುತ್ತದೆ. ಕಾಳಿ, ಶರಾವತಿಯ ಹಳೆಯ ಕೇಂದ್ರಗಳದ್ದೇ ರಾಜ್ಯಕ್ಕೆ ಎಲ್ಲಕ್ಕಿಂತ ಅಗ್ಗದ ಕರೆಂಟ್. ಅದು ಇಲ್ಲದಿದ್ದರೆ ಬೆಂಗಳೂರಿನ ಬಿಲ್ ಇನ್ನೂ ಮೇಲೆ ಹೋಗುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇದಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ದೇಶಗಳ ವಿಷಯಕ್ಕೆ ಬಂದರೆ ಬೆಲೆ ಕಟ್ಟುವ ರೀತಿಯೇ ಬೇರೆ ಬೇರೆ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಮೀನು ಮಾರ್ಕೆಟ್ಟಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಜೂನ್ 1ರಿಂದ ಜುಲೈ ಕೊನೆಯವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ನಾಡದೋಣಿಯವರು ಮಾತ್ರ ದಡದ ಹತ್ತಿರ ಬಲೆ ಹಾಕುತ್ತಾರೆ. ಅವರು ತರುವುದು ಊರಿಗೆ ಸಾಲುವುದಿಲ್ಲ, ಉಳಿದದ್ದು ಪೂರ್ವ ಕರಾವಳಿಯಿಂದ ಐಸ್ ಹಾಕಿದ ಲಾರಿಯಲ್ಲಿ ಬರುತ್ತದೆ. ಲಾರಿಯ ಬಂಗಡೆಗೆ ಬಾಡಿಗೆ, ಐಸು, ಡೀಸೆಲ್ ಎಲ್ಲ ಸೇರಿ ಬೆಲೆ ಏರಿರುತ್ತದೆ. ಆಗ ನಾಡದೋಣಿಯವನು ತನ್ನ ಬಂಗಡೆಯನ್ನು ಎಷ್ಟಕ್ಕೆ ಮಾರುತ್ತಾನೆ? ಅವನ ಖರ್ಚು ಕಡಿಮೆ ಇದ್ದರೂ ಲಾರಿ ಮೀನಿನ ಬೆಲೆಗೇ ಮಾರುತ್ತಾನೆ. ಮಾರಲೇಬೇಕು, ಕೊಳ್ಳುವವರೂ ಕೊಡುತ್ತಾರೆ. ಅಂದರೆ ಇಡೀ ಮಾರ್ಕೆಟ್ಟಿನ ಬೆಲೆ ನಿಲ್ಲುವುದು ಕೊನೆಗೆ ಬೇಕಾದ ಆ ತುಟ್ಟಿ ಬುಟ್ಟಿಯ ಮೇಲೆ.

ಯುರೋಪಿನ ವಿದ್ಯುತ್ ಮಾರುಕಟ್ಟೆ ನಡೆಯುವುದು ಸರಿಯಾಗಿ ಹೀಗೆ. ನಾಳೆಯ ಪ್ರತಿ ಹೊತ್ತಿಗೆ ಎಷ್ಟು ಕರೆಂಟ್ ಬೇಕು ಅಂತ ಇವತ್ತೇ ಹರಾಜು. ಗಾಳಿ, ಸೂರ್ಯ, ನೀರು, ಅಣು ಮೊದಲು ಬರುತ್ತವೆ, ಯಾಕೆಂದರೆ ಅವುಗಳ ಇಂಧನ ಖರ್ಚು ಇಲ್ಲ ಅಥವಾ ಬಹಳ ಕಡಿಮೆ. ಸಾಲದಿದ್ದರೆ ಕಲ್ಲಿದ್ದಲು. ಅದೂ ಸಾಲದಿದ್ದರೆ ಗ್ಯಾಸ್. ಕೊನೆಯ ಸ್ಥಾವರದ ಬೆಲೆಯೇ ಎಲ್ಲರಿಗೂ ಸಿಗುತ್ತದೆ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿ, ಪೈಪ್‌ನಲ್ಲಿ ಬರುತ್ತಿದ್ದ ಗ್ಯಾಸ್ ಕಡಿಮೆಯಾಗಿ, ಗ್ಯಾಸ್ ಬೆಲೆ ಆಕಾಶಕ್ಕೆ ಹೋದಾಗ ಕರೆಂಟ್ ಬೆಲೆಯೂ ಅದರ ಹಿಂದೆಯೇ ಹೋಯಿತು. ಅಣುಸ್ಥಾವರಗಳಿಂದಲೇ ಬಹುಪಾಲು ಕರೆಂಟ್ ಪಡೆಯುವ ಫ್ರಾನ್ಸಿಗೂ ಬಿಸಿ ತಟ್ಟಿತು. ಆ ವರ್ಷ ಅವರ ಹಲವು ರಿಯಾಕ್ಟರ್‌ಗಳು ರಿಪೇರಿಗಾಗಿ ನಿಂತಿದ್ದವು, ಹಾಗಾಗಿ ನೆರೆಯವರಿಂದ ಕೊಳ್ಳಬೇಕಾಯಿತು. ಸ್ಪೇನ್, ಪೋರ್ಚುಗಲ್ ಮಾತ್ರ ಅದೇ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ಒಪ್ಪಿಗೆ ಪಡೆದು ಕರೆಂಟ್ ತಯಾರಿಸುವ ಗ್ಯಾಸಿಗೆ ಬೆಲೆ ಮಿತಿ ಹಾಕಿದವು. ಫ್ರಾನ್ಸಿನ ಜೊತೆ ಅವುಗಳ ತಂತಿ ಸಂಪರ್ಕ ಕಡಿಮೆ ಇದ್ದದ್ದರಿಂದ ಅದು ನಡೆಯಿತು. ಪಿರನೀಸ್ ಬೆಟ್ಟದ ಈಚೆ ಒಂದು ಬೆಲೆ, ಆಚೆ ಇನ್ನೊಂದು.

ತಂತಿ ಅಂದೆನಲ್ಲ, ಈ ವಿಷಯ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಅರಬೈಲ್ ಘಾಟಿನಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಏನಾಗುತ್ತದೆ? ಹುಬ್ಬಳ್ಳಿಯಿಂದ ತರಕಾರಿ ಲಾರಿ ಇಳಿಯುವುದಿಲ್ಲ. ಕಾರವಾರದಲ್ಲಿ ಟೊಮೆಟೊ ಬೆಲೆ ಏರುತ್ತದೆ. ಘಾಟಿನ ಮೇಲೆ ಅದೇ ಟೊಮೆಟೊ ಕೊಳ್ಳುವವರಿಲ್ಲದೆ ಇಳಿಯುತ್ತದೆ. ಎರಡು ಊರಿನ ಬೆಲೆಯನ್ನು ಸಮ ಮಾಡುವುದು ನಡುವಿನ ದಾರಿ. ದಾರಿ ಅಗಲ ಇದ್ದರೆ ಬೆಲೆ ಹತ್ತಿರ ಬರುತ್ತದೆ, ಕಿರಿದಾದರೆ ದೂರ ಹೋಗುತ್ತದೆ.

ದಕ್ಷಿಣ ಭಾರತ ಹೀಗೆಯೇ ಘಾಟಿನ ಕೆಳಗೆ ಸಿಕ್ಕಿಕೊಂಡಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ 765 ಕೆವಿ ಲೈನ್ ಜೋಡಿಸುವವರೆಗೆ ನಮ್ಮ ದಕ್ಷಿಣದ ಗ್ರಿಡ್ ಬೇರೆ, ಉಳಿದ ದೇಶದ್ದು ಬೇರೆ. ನಡುವೆ ಡಿಸಿ ಲೈನ್‌ಗಳಲ್ಲಿ ಒಂದಿಷ್ಟು ಮಾತ್ರ ಹರಿಯುತ್ತಿತ್ತು. ಅದರ ಲಾಭವೂ ಒಮ್ಮೆ ಆಯಿತು. 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ, ಈಶಾನ್ಯ ಭಾರತ ಕತ್ತಲಲ್ಲಿ ಮುಳುಗಿ ಸುಮಾರು 60 ಕೋಟಿ ಜನರ ಪ್ರದೇಶಕ್ಕೆ ಕರೆಂಟ್ ಇಲ್ಲದಾಗ ನಮ್ಮಲ್ಲಿ ದೀಪ ಆರಲಿಲ್ಲ. ಆದರೆ ಬೆಲೆಯ ವಿಷಯದಲ್ಲಿ ಅದು ನಷ್ಟವೇ. ಛತ್ತೀಸ್‌ಗಢದ ಕಡೆ ಕರೆಂಟ್ ಹೆಚ್ಚಾಗಿ ಅಗ್ಗಕ್ಕೆ ಸಿಗುತ್ತಿದ್ದಾಗಲೂ ಕರೆಂಟ್ ಹರಾಜಾಗುವ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ದಕ್ಷಿಣದ ರಾಜ್ಯಗಳು ತುಟ್ಟಿ ಬೆಲೆ ಕೊಡುತ್ತಿದ್ದವು. ಒಂದೇ ದೇಶ, ಒಂದೇ ಹರಾಜು, ಎರಡು ಬೆಲೆ. ಜೋಡಣೆ ಆದ ಮೇಲೂ ಸಾಕಷ್ಟು ಲೈನ್ ಬರುವವರೆಗೆ ಒಂದೆರಡು ವರ್ಷ ಈ ವ್ಯತ್ಯಾಸ ಉಳಿದಿತ್ತು.

ನಾರ್ವೆಯಲ್ಲಿ ಇದು ಉಲ್ಟಾ ಆಯಿತು. ಅವರ ಕರೆಂಟ್ ಸುಮಾರು ಶೇ. 90 ನೀರಿನಿಂದಲೇ, ನಮ್ಮ ಕಾಳಿಯ ಹಾಗೆ ಬೆಟ್ಟದಿಂದ ಇಳಿಯುವ ನದಿಗಳು. ಮನೆ ಬಿಸಿ ಮಾಡುವುದೂ ಕರೆಂಟಿನಿಂದ, ಯಾಕೆಂದರೆ ಅಗ್ಗ ಇತ್ತು. 2021ರ ಹೊತ್ತಿಗೆ ದಕ್ಷಿಣ ನಾರ್ವೆಯಿಂದ ಸಮುದ್ರದ ಅಡಿಯಲ್ಲಿ ಜರ್ಮನಿಗೂ ಬ್ರಿಟನ್ನಿಗೂ ತಲಾ 1,400 ಮೆಗಾವ್ಯಾಟ್‌ನ ಕೇಬಲ್ ಬಂದವು. ಮರುವರ್ಷ ಗ್ಯಾಸ್ ಬಿಕ್ಕಟ್ಟು. ದಕ್ಷಿಣ ನಾರ್ವೆಯ ಅಗಲ ದಾರಿ ಈಗ ಜರ್ಮನಿಯ ಕಡೆಗೆ ತೆರೆದಿತ್ತು, ಅಲ್ಲಿನ ಬೆಲೆ ಇಲ್ಲಿಗೆ ಹರಿದು ಬಂತು. ಉತ್ತರ ನಾರ್ವೆಯಿಂದ ದಕ್ಷಿಣಕ್ಕೆ ಬರುವ ತಂತಿ ಮಾತ್ರ ಕಿರಿದು. ಹಾಗಾಗಿ ಒಂದೇ ದೇಶದೊಳಗೆ ಉತ್ತರದಲ್ಲಿ ಕರೆಂಟ್ ತೀರಾ ಅಗ್ಗ, ದಕ್ಷಿಣದಲ್ಲಿ ಕೆಲವು ದಿನ ಹತ್ತಾರು ಪಟ್ಟು ತುಟ್ಟಿ. ಸರ್ಕಾರ ಒಂದು ಮಿತಿ ಹಾಕಿ, ಅದರ ಮೇಲಿನ ಬೆಲೆಯ ದೊಡ್ಡ ಪಾಲನ್ನು ತಾನೇ ಕೊಡಬೇಕಾಯಿತು. ನದಿ ನಮ್ಮದೇ, ಡ್ಯಾಂ ನಮ್ಮದೇ, ಬೆಲೆ ಮಾತ್ರ ಪಕ್ಕದ ದೇಶದ್ದು ಅಂತ ಅಲ್ಲಿನ ಜನ ಸಿಟ್ಟಾದರು. ಆ ಸಿಟ್ಟು ನನಗೆ ಚೆನ್ನಾಗಿ ಅರ್ಥ ಆಗುತ್ತದೆ.

ಹಾಗಂತ ತಂತಿ ಕೆಟ್ಟದ್ದು ಅನ್ನಲಾರೆ. ಬರಗಾಲ ಬಂದಾಗ ಅದೇ ತಂತಿಯಲ್ಲಿ ಕರೆಂಟ್ ಒಳಗೆ ಬರುತ್ತದೆ. ನೇಪಾಳವನ್ನು ನೋಡಿ. ಹತ್ತು ವರ್ಷದ ಹಿಂದೆ ಕಾಠ್ಮಂಡುವಿನಲ್ಲಿ ಚಳಿಗಾಲದಲ್ಲಿ ದಿನದ ಬಹುಪಾಲು ಕರೆಂಟ್ ಇರುತ್ತಿರಲಿಲ್ಲ. ಆಮೇಲೆ ಧಲ್ಕೇಬರ್-ಮುಜಫ್ಫರ್‌ಪುರ ಲೈನ್ ಭಾರತಕ್ಕೆ ಜೋಡಿಸಿತು, ಹೊಸ ಜಲವಿದ್ಯುತ್ ಕೇಂದ್ರಗಳೂ ಬಂದವು. 2021ರ ನವೆಂಬರ್‌ನಿಂದ ನೇಪಾಳ ನಮ್ಮ ವಿನಿಮಯ ಕೇಂದ್ರದಲ್ಲಿ ಮಾರಲೂ ಶುರು ಮಾಡಿತು. 2024ರ ಜನವರಿಯಲ್ಲಿ, ಹತ್ತು ವರ್ಷದಲ್ಲಿ ಭಾರತ 10,000 ಮೆಗಾವ್ಯಾಟ್ ಕೊಳ್ಳುವ ಒಪ್ಪಂದ ಆಯಿತು.

ಆದರೆ ನೇಪಾಳಕ್ಕೆ ಇದರಲ್ಲಿ ಒಂದು ಕಷ್ಟ ಇದೆ. ಅವರ ಹೆಚ್ಚಿನ ಕೇಂದ್ರಗಳು ಹರಿಯುವ ನೀರಿನ ಮೇಲೆ ನಡೆಯುವಂಥವು, ನೀರು ಕೂಡಿಡುವ ದೊಡ್ಡ ಜಲಾಶಯ ಅಂದರೆ ಕುಲೇಖಾನಿ ಒಂದೇ. ಇದರ ಅರ್ಥ ಕಾಳಿ ಕಣಿವೆಯವರಿಗೆ ತಕ್ಷಣ ಹೊಳೆಯುತ್ತದೆ. ಸೂಪಾ ಹಿನ್ನೀರು 145 ಟಿಎಂಸಿ ಆಸುಪಾಸು. ಮಳೆಗಾಲದ ನೀರನ್ನು ಹಿಡಿದಿಟ್ಟು ಮಾರ್ಚ್-ಏಪ್ರಿಲ್‌ನಲ್ಲಿ, ಸಂಜೆ ಎಲ್ಲರಿಗೂ ಕರೆಂಟ್ ಬೇಕಾದಾಗ ಬಿಡಬಹುದು. ಅದೇ ಕದ್ರಾ ಚಿಕ್ಕದು, ಜುಲೈನಲ್ಲಿ ತುಂಬಿದರೆ ಗೇಟ್ ತೆಗೆಯಲೇಬೇಕು, ಕೆಳಗಿನ ಮಲ್ಲಾಪುರದ ಕಡೆಯವರು ಗೇಟ್ ತೆಗೆಯುವ ಸೈರನ್ನಿಗೆ ಕಿವಿ ಕೊಟ್ಟು ಕೂರಬೇಕು. ನೇಪಾಳದ್ದು ಬಹುತೇಕ ಕದ್ರಾ ಕಥೆ. ಮಳೆಗಾಲದಲ್ಲಿ ಮಾರಲು ಬೇಕಾದಷ್ಟು ಇರುತ್ತದೆ, ಆದರೆ ಆಗ ಭಾರತದ ನದಿಗಳೂ ತುಂಬಿ ಬೆಲೆ ಇಳಿದಿರುತ್ತದೆ. ಚಳಿಗಾಲದಲ್ಲಿ ಅವರ ನದಿ ಸೊರಗಿದಾಗ ತುಟ್ಟಿಗೆ ಕೊಳ್ಳಬೇಕು. ಕೂಡಿಡಲು ಜಾಗ ಇದ್ದವನಿಗೂ ಇಲ್ಲದವನಿಗೂ ಇರುವ ವ್ಯತ್ಯಾಸ ಅಡಿಕೆ ವ್ಯಾಪಾರದಲ್ಲಿ ಹೇಗೋ ಇಲ್ಲೂ ಹಾಗೆಯೇ. ಶಿರಸಿಯಲ್ಲಿ ಬೆಲೆ ಬರುವವರೆಗೆ ಅಟ್ಟದಲ್ಲಿ ಅಡಿಕೆ ಇಟ್ಟುಕೊಳ್ಳುವ ತಾಕತ್ತು ಇದ್ದವನು ಒಂದು ದರ ಕಾಣುತ್ತಾನೆ, ಕೊಯ್ಲಿನ ಹೊತ್ತಿಗೇ ಸಾಲ ತೀರಿಸಬೇಕಾದವನು ಇನ್ನೊಂದು.

ನೇಪಾಳ ಈಗ ಬಾಂಗ್ಲಾದೇಶಕ್ಕೂ 40 ಮೆಗಾವ್ಯಾಟ್ ಮಾರುತ್ತಿದೆ, ಯೂನಿಟ್‌ಗೆ 6.40 ಅಮೆರಿಕನ್ ಸೆಂಟ್. ಜೂನ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಮಾತ್ರ, ಭಾರತದ ತಂತಿಯ ಮೂಲಕ. ಇಷ್ಟು ಸಣ್ಣ ವ್ಯಾಪಾರಕ್ಕೆ ಮೂರು ದೇಶ ಕೂತು ಸಹಿ ಹಾಕಬೇಕಾಯಿತು. ನಡುವಿನ ದಾರಿ ಯಾರ ಕೈಯಲ್ಲಿದೆಯೋ ಅವರ ಮಾತಿಗೆ ತೂಕ ಜಾಸ್ತಿ.

ಭೂತಾನ್‌ನ ದಾರಿ ಬೇರೆ, ನನಗೆ ಅದು ಹೆಚ್ಚು ಹಿಡಿಸಿತು. ಚುಖಾ, ತಾಲಾ, ಮಂಗ್ದೆಛು ಜಲವಿದ್ಯುತ್ ಕೇಂದ್ರಗಳನ್ನೆಲ್ಲ ಕಟ್ಟಲು ಭಾರತ ಅನುದಾನವನ್ನೂ ಸಾಲವನ್ನೂ ಕೊಟ್ಟಿತು. ಮೊದಲ ದೊಡ್ಡ ಯೋಜನೆ ಚುಖಾಕ್ಕೆ ಶೇ. 60 ಅನುದಾನ. ಹೆಚ್ಚಾದ ಕರೆಂಟನ್ನು ಭಾರತವೇ ಕೊಳ್ಳುತ್ತದೆ, 2019ರಲ್ಲಿ ಶುರುವಾದ ಮಂಗ್ದೆಛುಗೆ ಯೂನಿಟ್‌ಗೆ 4 ರೂಪಾಯಿ 12 ಪೈಸೆ ಅಂತ ಒಪ್ಪಂದ ಆಗಿತ್ತು. ಅವರ ಹಣ ನ್ಗುಲ್ಟ್ರಂ ನಮ್ಮ ರೂಪಾಯಿಗೆ ಸಮ, ಹಾಗಾಗಿ ಡಾಲರ್ ಏರಿಳಿತದ ಭಯ ಕಡಿಮೆ. ಮುಖ್ಯ ಏನೆಂದರೆ, ಕೇಂದ್ರಗಳು ಉತ್ಪಾದನೆಯ ಒಂದು ಪಾಲನ್ನು ರಾಯಲ್ಟಿ ಅಂತ ದೇಶದೊಳಗೆ ಬಿಟ್ಟುಕೊಡಬೇಕು. ಅಲ್ಲಿನ ಮನೆಗಳ ದರ ಕಡಿಮೆ ಇರುವುದು, ಹಳ್ಳಿ ಮನೆಗಳಿಗೆ ತಿಂಗಳಿಗೆ ಇಂತಿಷ್ಟು ಯೂನಿಟ್ ಉಚಿತ ಸಿಗುವುದು ಇದರಿಂದ. ಚಳಿಗಾಲದಲ್ಲಿ ಅವರೂ ಭಾರತದಿಂದ ಕೊಳ್ಳುತ್ತಾರೆ, ಸಾಲವೂ ತಲೆಯ ಮೇಲಿದೆ. ಆದರೆ ಯಾರಿಗೆ ಎಷ್ಟು ಅಂತ ಮೊದಲೇ ಬರೆದಿಟ್ಟಿದ್ದಾರೆ.

ಇನ್ನೊಂದು ತುದಿಯಲ್ಲಿ ಶ್ರೀಲಂಕಾ. ದ್ವೀಪ, ಯಾರ ಜೊತೆಗೂ ತಂತಿ ಇಲ್ಲ. ನೀರು ಕಡಿಮೆಯಾದ ವರ್ಷ ಕಲ್ಲಿದ್ದಲು, ಎಣ್ಣೆ ಎಲ್ಲ ಹಡಗಿನಲ್ಲಿ, ಡಾಲರ್ ಕೊಟ್ಟು ತರಬೇಕು. ಒಂಬತ್ತು ವರ್ಷ ದರ ಏರಿಸಲೇ ಇಲ್ಲ. ಜನರಿಗೆ ಅದು ಅಗ್ಗ ಅಂತ ಕಂಡಿತು, ಒಳಗೆ ವಿದ್ಯುತ್ ಮಂಡಳಿಯ ಸಾಲ ಬೆಳೆಯಿತು. 2022ರಲ್ಲಿ ಡಾಲರ್ ಖಾಲಿಯಾದಾಗ ದಿನಕ್ಕೆ 13 ತಾಸಿನವರೆಗೆ ಕರೆಂಟ್ ತೆಗೆದರು. ಆ ಆಗಸ್ಟ್‌ನಲ್ಲಿ ದರ ಸರಾಸರಿ ಶೇ. 75 ಏರಿತು, 2023ರ ಫೆಬ್ರವರಿಯಲ್ಲಿ ಮತ್ತೆ ಶೇ. 66. ಒಂಬತ್ತು ವರ್ಷ ಕಟ್ಟದೇ ಉಳಿದದ್ದನ್ನು ಆರು ತಿಂಗಳಲ್ಲಿ ಕಟ್ಟಿಸಿದ ಹಾಗಾಯಿತು, ಅದೂ ಜನರ ಕೈಯಲ್ಲಿ ದುಡ್ಡು ಇಲ್ಲದ ಹೊತ್ತಿನಲ್ಲಿ.

ಪಾಕಿಸ್ತಾನದ್ದು ಒಪ್ಪಂದಗಳ ತೊಂದರೆ. 1994ರ ನೀತಿಯಲ್ಲಿ ಖಾಸಗಿ ಕಂಪನಿಗಳನ್ನು ಕರೆದು, ಕರೆಂಟ್ ಕೊಂಡರೂ ಕೊಳ್ಳದಿದ್ದರೂ ಸ್ಥಾವರಕ್ಕೆ ಬಾಡಿಗೆಯಂತೆ ದುಡ್ಡು ಕೊಡುತ್ತೇವೆ, ಅದೂ ಡಾಲರ್ ಲೆಕ್ಕದಲ್ಲಿ, ಅಂತ ಬರೆದುಕೊಟ್ಟರು. ಮುಂದೆ ಚೀನಾ ಸಹಾಯದ ಸ್ಥಾವರಗಳೂ ಬಂದವು. ರೂಪಾಯಿ ಬಿದ್ದಾಗೆಲ್ಲ ಬಿಲ್ ಏರಿತು. 2023ರಲ್ಲಿ ಜನ ಬೀದಿಗೆ ಬಂದು ಬಿಲ್ ಸುಟ್ಟರು. ಆಮೇಲೆ ಅನುಕೂಲ ಇದ್ದವರೆಲ್ಲ ಮನೆ ಮೇಲೆ ಸೋಲಾರ್ ಹಾಕಿಸಿಕೊಂಡರು, 2024 ಒಂದೇ ವರ್ಷ ಸುಮಾರು 17 ಗಿಗಾವ್ಯಾಟ್‌ನಷ್ಟು ಪ್ಯಾನೆಲ್ ಆಮದಾಯಿತು. ಬಾಡಿಗೆಯ ಹೊರೆ ಮಾತ್ರ ಹೋಗಲಿಲ್ಲ. ಅದನ್ನು ಹೊರುವವರು ಕಡಿಮೆಯಾದರು, ಸೋಲಾರ್ ಹಾಕಲಾಗದ ಬಡವರ ಪಾಲಿಗೆ ಭಾರ ಜಾಸ್ತಿಯಾಯಿತು. ನಮ್ಮಲ್ಲೂ ನಿಗದಿತ ಶುಲ್ಕ ಏರುತ್ತಾ, ಯೂನಿಟ್ ದರ ಹತ್ತು ಪೈಸೆ ಇಳಿಯಿತು ಅನ್ನುವ ಸುದ್ದಿ ಬಂದಾಗ ನಾನು ಇದನ್ನು ನೆನೆಯುತ್ತೇನೆ. ಕಡಿಮೆ ಕರೆಂಟ್ ಬಳಸುವ ಮನೆಗೆ ಅದು ಇಳಿಕೆ ಅಲ್ಲ.

ಇಷ್ಟೆಲ್ಲ ಓದಿದ ಮೇಲೆ ಚೌತಿಗೆ ಭಾವ ಬಂದಾಗ ಹೇಳಿದೆ. "ಭಾವ, ನಿಮ್ಮ ಕರೆಂಟ್ ಅಗ್ಗ ಅಲ್ಲ, ನಿಮ್ಮ ಬಿಲ್ ಅಗ್ಗ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಹಾಗಾದರೆ ನಿಮ್ಮ ಡ್ಯಾಮಿನಿಂದ ನಿಮಗೆ ಏನು ಬಂತು?" ಅಂದರು.

ಅಲ್ಲಿಗೇ ಬರಬೇಕಿತ್ತು. ಸೂಪಾ ಅಂತ ಒಂದು ಊರು ಇತ್ತು. ಅದು ಹಿನ್ನೀರಿನಡಿ ಇದೆ. ಅಲ್ಲಿಂದ ಎದ್ದವರು ರಾಮನಗರದಲ್ಲಿ ಹೊಸದಾಗಿ ಬದುಕು ಕಟ್ಟಿದರು. ಕದ್ರಾ, ಕೊಡಸಳ್ಳಿ, ಕೈಗಾ ಪ್ರತಿಯೊಂದಕ್ಕೂ ಗದ್ದೆ, ತೋಟ, ಮನೆ ಬಿಟ್ಟು ಎದ್ದವರಿದ್ದಾರೆ. ಕಾಳಿಯ ಕರೆಂಟ್ ರಾಜ್ಯಕ್ಕೆಲ್ಲ ಅಗ್ಗ ಆಗಿರುವುದರಲ್ಲಿ ಅವರು ಕೊಟ್ಟದ್ದೂ ಸೇರಿದೆ, ಅದು ಯಾವ ದರಪಟ್ಟಿಯಲ್ಲೂ ಇಲ್ಲ. ಜೋಯಿಡಾ ಕಾಡಿನ ಒಳಗಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕತ್ತಲಲ್ಲಿ ಇರುವವರಿಗೆ, ತಮ್ಮ ನದಿಯ ಕರೆಂಟ್ ಸರಾಸರಿಯಲ್ಲಿ ಬೆಂಗಳೂರಿನ ಬಿಲ್ ಇಳಿಸಿದೆ ಅಂತ ಹೇಳಿದರೆ ಏನು ಸಮಾಧಾನ?

ನಾರ್ವೆಯಲ್ಲಿ ಇದಕ್ಕೆ ನೂರು ವರ್ಷಕ್ಕೂ ಹಳೆಯ ಕಾನೂನಿದೆ. ಜಲವಿದ್ಯುತ್ ಕೇಂದ್ರ ಇರುವ ಕಡೆಯ ಪುರಸಭೆಗಳಿಗೆ ಶೇ. 10ರವರೆಗೆ ಕರೆಂಟನ್ನು ತಯಾರಿಕೆಯ ಖರ್ಚಿಗೇ ಕೊಡಬೇಕು. ಮಾರುಕಟ್ಟೆ ಬೆಲೆ ಏರಿದಾಗ ಅವರು ಅದನ್ನು ಮಾರಿ ಶಾಲೆ, ರಸ್ತೆಗೆ ಬಳಸುತ್ತಾರೆ. ದಕ್ಷಿಣ ನಾರ್ವೆಯ ಬೆಟ್ಟದ ಊರುಗಳಿಗೆ 2022 ಪೂರ್ತಿ ನಷ್ಟದ ವರ್ಷ ಆಗಲಿಲ್ಲ, ಇದೇ ಕಾರಣ. ಭಾರತದ 2008ರ ಜಲವಿದ್ಯುತ್ ನೀತಿಯಲ್ಲೂ ಇಂಥ ಮಾತು ಇದೆ. ಸ್ಥಳೀಯ ಅಭಿವೃದ್ಧಿಗೆ ಶೇ. 1 ಉಚಿತ ಕರೆಂಟಿನ ಹಣ, ನೆಲ ಕಳೆದುಕೊಂಡ ಪ್ರತಿ ಕುಟುಂಬಕ್ಕೆ ಹತ್ತು ವರ್ಷ ತಿಂಗಳಿಗೆ 100 ಯೂನಿಟ್. ಕಾಳಿಯ ಡ್ಯಾಂಗಳು ಅದಕ್ಕೂ ಮೊದಲಿನವು.

ಈಗ ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ ಐದು, ಆರನೇ ಘಟಕ ಬರುತ್ತಿವೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯದ ನಡುವೆ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಮಧ್ಯಾಹ್ನ ಸೋಲಾರ್ ಕರೆಂಟ್ ಅಗ್ಗ ಇದ್ದಾಗ ನೀರು ಮೇಲೆತ್ತಿ, ಸಂಜೆ ತುಟ್ಟಿ ಇದ್ದಾಗ ಕೆಳಗೆ ಬಿಡುವುದು. ಆ ಬೆಲೆ ವ್ಯತ್ಯಾಸವೇ ಅದರ ಆದಾಯ. ಆ ಕಾಡು ಕಡಿಯಬೇಕೇ ಅನ್ನುವ ಪ್ರಶ್ನೆ ಬೇರೆಯೇ ಇದೆ, ಹೊನ್ನಾವರದ ಕಡೆ ಜನ ಅದನ್ನು ಗಟ್ಟಿಯಾಗಿ ಕೇಳುತ್ತಿದ್ದಾರೆ, ನಾನು ಅವರ ಜೊತೆಗಿದ್ದೇನೆ. ಕೈಗಾದ ಹೊಸ ಘಟಕಗಳಂತೂ ಬಂದೇ ಬರುತ್ತವೆ. ಅವುಗಳ ಕರೆಂಟ್ ಯಾವ ರಾಜ್ಯಕ್ಕೆ ಎಷ್ಟು ಅಂತ ಪಟ್ಟಿ ಮಾಡುವಾಗ ಮಲ್ಲಾಪುರ ಪಂಚಾಯ್ತಿಗೆ ಎಷ್ಟು ಅಂತ ಒಂದು ಸಾಲು ಸೇರಿಸಿ ಅಂತ ನಮ್ಮ ಶಾಸಕರಿಗೂ ಸಂಸದರಿಗೂ ಪತ್ರ ಬರೆಯುತ್ತಿದ್ದೇನೆ. ಭಾವ ಅದನ್ನು ಕೊಂಕಣಿಯಲ್ಲೂ ಬರೆದುಕೊಡುತ್ತೇನೆ ಅಂದಿದ್ದಾರೆ.